ಅವ್ವ ನಿಲ್ಲಿಸುತ್ತಿದ್ದ ಜಾಗ

ಚಳ್ಳಕೆರೆ
೧೧ ಆಗಸ್ಟ್ ೨೦೦೨

ತಂಗಿ ದಾಕ್ಷಾಯಿಣಿಗೆ,

ನಿನ್ನ ಓಂಕಾರಣ್ಣನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹರಪನಹಳ್ಳಿಯಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತದ್ದು ತಪ್ಪೇ. “ಪೇಪರಿನೋರಿಗೆ ವಾರಕ್ಕೊಂದು ದೂರು ಬರೀತೀರಿ, ತಂಗಿಗೆ ನಾಲ್ಕು ಸಾಲು ಬರೆಯಾಕೆ ಆಗಲ್ವಾ?” ಎಂದು ನಿನ್ನ ಅತ್ತಿಗೆ ದಿನವೂ ಕುಟುಕುತ್ತಾಳೆ. ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ವಿಷಯ ನಮ್ಮ ದೊಡ್ಡಣ್ಣನದು. ಐರ್ಲೆಂಡಿನಲ್ಲಿ ಅಷ್ಟು ವರ್ಷ ಡಾಕ್ಟರಿಕೆ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಹಿಂದಿರುಗಿದವನು ನಮ್ಮ ಮನೆಗೆ ಬಾರದೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದದ್ದು ನಿನಗೆ ಗೊತ್ತು. ಅಲ್ಲಿನ ಮಕ್ಕಳಿಗೆ ಈಗ ಐರಿಷ್ ಜನರ ಕೊಳಲು ಕಲಿಸುತ್ತಾನೆ. ನಮ್ಮ ಬಿದಿರಿನದಲ್ಲ, ಕರೀ ಮರದ್ದು, ಒನಕೆಯ ಮರಿಯ ಹಾಗಿದೆ. ಸರಿಗಮ ಇಲ್ಲ, ಪುಸ್ತಕ ಇಲ್ಲ. ಅವನು ಒಂದು ತುಣುಕು ಊದುತ್ತಾನೆ, ಮಕ್ಕಳು ಕೇಳಿ ಊದುತ್ತಾರೆ. ಪಕ್ಕದ ಗೋಡೆಯಾಚೆ ನೇಕಾರ ಚಿತ್ತಯ್ಯನ ಮಗ್ಗ ಬಡಿಯುತ್ತಿರುತ್ತದೆ. ಅದೇ ತಾಳ, ಅದಕ್ಕೇ ಪಾದ ಕುಟ್ಟುತ್ತಾರೆ.

ಆ ಐರಿಷ್ ಜನರಲ್ಲೊಂದು ಪದ್ಧತಿ. ಊದುವ ಮೊದಲು, ಆ ಮಟ್ಟು ಯಾರಿಂದ ಬಂತೆಂದು ಹೇಳಬೇಕು. “ಇದು ಇಂಥವರಿಂದ, ಅವರಿಗೆ ಇಂಥವರಿಂದ” ಅಂತ. ಊರ ಕೆರೆ ಕಟ್ಟಿಸಿದವನ ಹೆಸರನ್ನೇ ಮರೆತ ಜನಕ್ಕೆ ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ಆ ಪದ್ಧತಿ ನನಗೆ ಹಿಡಿಸಿತು. ಅದಕ್ಕೇ ಚಳ್ಳಕೆರೆಯಲ್ಲಿ ಅವನದೊಂದು ಕಾರ್ಯಕ್ರಮ ಇಡಿಸಿದೆ.

ಅದರ ಅವಸ್ಥೆ ಏನು ಹೇಳಲಿ! ನಿರೂಪಕ ಮಹಾಶಯ ಐರ್ಲೆಂಡನ್ನು ಇಂಗ್ಲೆಂಡಿಗೆ ಸೇರಿಸಿಯೇ ಬಿಟ್ಟ. ಆ ದೇಶದವರು ಬಿಡಿಸಿಕೊಳ್ಳಲು ಎಷ್ಟು ರಕ್ತ ಹರಿಸಿದ್ದಾರೆಂದು ನಾನು ಕೂತಲ್ಲಿಂದಲೇ ಕೂಗಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಸಂಗೀತ ಮುಂದೆ ಹೋಗುವುದಲ್ಲ, ಸುತ್ತಿ ಸುತ್ತಿ ಮೊದಲಿಗೇ ಬರುವುದು. ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮೂರ ಉಗ್ರಪ್ಪ, “ಲೇ, ಕ್ಯಾಸೆಟ್ ಸಿಕ್ಕಾಕ್ಕೆಂಡೈತೆ ಕಣಲೇ” ಎಂದ. ನಿರೂಪಕ ಶಾಲು ಹಿಡಿದು ಬಂದು, “ಡಾಕ್ಟ್ರೇ, ಮರೆತಿದ್ರೆ ಪರವಾಗಿಲ್ಲ, ಮುಂದಿಂದು ಊದ್ರಿ” ಎಂದ. ಅಣ್ಣ ನಕ್ಕ. “ಇದು ಟಾಮ್ ಡೆವಿನ್ ಅವರಿಂದ ಬಂದದ್ದು” ಎಂದು ಹೇಳಿ, ನಿಧಾನದ್ದೊಂದು ಊದಿದ. ಟಾಮ್ ಎಂದರೆ ಅಲ್ಲಿ ಅವನಿಗೆ ಕೊಳಲು ಕಲಿಸಿದ ಮುದುಕ.

ದಾಕ್ಷಾಯಿಣಿ, ಅದು ಅವ್ವನ ಬೀಸುವ ಹಾಡು.

ಅವ್ವ ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವಾಗ ಸಾಲಿನ ನಡುವೆ ತುಸು ನಿಲ್ಲಿಸುತ್ತಿದ್ದಳಲ್ಲ, ಅಣ್ಣನೂ ಅದೇ ಜಾಗದಲ್ಲಿ ನಿಲ್ಲಿಸಿದ. ಪ್ರತಿ ಸುತ್ತಿನಲ್ಲೂ. ಅವ್ವ ಸತ್ತಾಗ ತಂತಿ ಅವನನ್ನು ತಲುಪಿತ್ತು, ಅವನು ನಮ್ಮನ್ನು ತಲುಪಲಿಲ್ಲ. ಈಗ ಅವಳ ಹಾಡಿಗೆ ಯಾರದೋ ಹೆಸರು. ನಾನು ಎದ್ದು ಮನೆಗೆ ಬಂದುಬಿಟ್ಟೆ.

ಮಾರನೇ ದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಣ್ಣ ಜಗಲಿಯಲ್ಲಿ ಕೊಳಲು ಒರೆಸುತ್ತಿದ್ದ.

“ಕೊನೇಗೆ ಊದಿದ್ಯಲ್ಲ, ಅದು ಅವ್ವಂದು” ಎಂದೆ. “ಹಿಡಿ ಹಾಕೋವಾಗ ಅವಳು ನಿಲ್ಲಿಸ್ತಿದ್ದ ಜಾಗದಾಗೇ ನೀನೂ ನಿಲ್ಲಿಸ್ದೆ.”

“ಲೇ ಓಂಕಾರಿ, ಊದೋನಿಗೆ ಉಸಿರು ಬ್ಯಾಡ್ವೇನಲೇ? ಒಂದು ಸ್ವರ ಬಿಟ್ಟೇ ಉಸಿರು ತಗಬೇಕು. ಟಾಮ್‌ಗೆ ಗಣಿ ಧೂಳು ಕುಡಿದು ಎದೆ ಹಾಳಾಗಿತ್ತು. ಅವನು ಅಲ್ಲೇ ಬಿಡೋನು.”

“ನೀನು ಅವನಿಗೆ ಅವ್ವನ ಹಾಡು ಹಾಡಿ ತೋರಿಸಿರ್ಲಿಲ್ವಾ?”

ಒರೆಸುತ್ತಿದ್ದ ಅವನ ಕೈ ನಿಂತಿತು. “ತೋರಿಸಿರಬೌದು. ಮೊದಲನೇ ಚಳಿಗಾಲದಾಗೆ ಅವರ ಅಡಿಗೆಮನೆ ಬೆಂಕಿ ಮುಂದೆ ಎಲ್ಲರೂ ಒಂದೊಂದು ಹಾಡೋರು. ನಾನೂ ಏನೋ ಹಾಡ್ದೆ. ಏನು ಅಂತ ಗ್ಯಾನ ಇಲ್ಲ. ನಾನೇ ಅವನಿಗೆ ಕೊಟ್ನೋ, ಅವನು ನಂಗೆ ಕೊಟ್ನೋ. ಗೊತ್ತಿಲ್ದೆ ಹೆಸರು ಹೇಳಬಾರ್ದು ಕಣಲೇ.”

“ಅವ್ವನೇ ಗೊತ್ತಿಲ್ವಾ ನಿಂಗೆ?”

ಅವನು ಮತ್ತೆ ಕೊಳಲು ಒರೆಸತೊಡಗಿದ. ಆಗ ಚಿತ್ತಯ್ಯನ ತಾಯಿ ಓಬಳಮ್ಮ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. “ಯಾಕೆ ಸ್ವಾಮಿ ಜಗಳ? ಟಾಮ್ ಹಾಡು ತಾನೇ, ದಿನಾ ಗೋಡೆಯಾಚೆ ಕೇಳ್ತೀನಿ. ಅದಿ ಮಾ ಅತ್ತ ಪಾಟ ಕದಾ! ನೂಲು ಸುತ್ತೋವಾಗ ನಮ್ಮತ್ತೆ ಹಾಡೋದು ಅದು.”

“ಅಜ್ಜೀ, ನೀನು ಎಲ್ಲಾನೂ ನಿಮ್ಮತ್ತೇದೇ ಅಂತೀಯ” ಎಂದಳು ಅಣ್ಣನ ಹತ್ತಿರ ಕೊಳಲು ಕಲಿಯುವ ಅವಳ ಮೊಮ್ಮಗಳು ಮೇಘಾ. “ಮೊನ್ನೆ ಟೀವಿ ಸೋಪಿನ ಹಾಡಿಗೂ ಹಂಗೇ ಅಂದೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮುದುಕಿ ಸುಳ್ಳು ಹೇಳುವವಳಲ್ಲ, ಅಣ್ಣನೂ ಅಲ್ಲ. ಹಾಗಾದರೆ ನಾನು?

ಅಣ್ಣ ಕಣ್ಣಲ್ಲೇ ಸನ್ನೆ ಮಾಡಿದ. ಮೇಘಾ ಕೊಳಲು ತೆಗೆದುಕೊಂಡು, “ಇದು ಡಾಕ್ಟರ್ ತಾತನಿಂದ, ಅವರಿಗೆ ಟಾಮ್ ಡೆವಿನ್ ಅವರಿಂದ” ಎಂದು ಒಪ್ಪಿಸಿ ಊದಿದಳು. ಅವಳ ಎದೆಯಲ್ಲಿ ಧೂಳಿಲ್ಲ, ಮುಷ್ಟಿಯಲ್ಲಿ ರಾಗಿಯಿಲ್ಲ. ಆದರೂ ಅದೇ ಜಾಗದಲ್ಲಿ ನಿಲ್ಲಿಸಿದಳು. ನಾಳೆ ಇವಳಿಂದ ಕಲಿಯುವವರೂ ಅಲ್ಲೇ ನಿಲ್ಲಿಸುತ್ತಾರೆ, ಇದೇ ಹೆಸರು ಒಪ್ಪಿಸುತ್ತಾರೆ. ಅವ್ವನ ಹೆಸರು ಎಲ್ಲಿಯೂ ಬರುವುದಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಬಂದ ಅಣ್ಣ ಹೇಳಿದ: “ಕಲ್ಲಿನ ಎದುರಿಗೆ ಕೂತು ಅವ್ವನ ಜೊತೆ ಬೀಸಿದೋಳು ದಾಕ್ಷಿ. ಮೇಘಾ ಊದಿದ್ದನ್ನ ಕ್ಯಾಸೆಟ್ ಮಾಡಿ ಅವಳಿಗೆ ಕಳಿಸ್ತೀನಿ. ಅವಳು ಹೌದು ಅಂದ್ರೆ ಅವತ್ತಿಂದಲೇ ಅವ್ವನ ಹೆಸರು ಹೇಳಿಸ್ತೀನಿ.” ನ್ಯಾಯದ ಮಾತು, ಒಪ್ಪಿ ಬಂದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಡಬೇಡ. ಮಕ್ಕಳು ಮೊಮ್ಮಕ್ಕಳೊಂದಿಗೆ ನಗುನಗುತ್ತಾ ಇರು.

ನಿನ್ನ ಅಣ್ಣ,
ಓಂಕಾರಮೂರ್ತಿ

ಇನ್ನೊಂದು ಮಾತು. ಕ್ಯಾಸೆಟ್ ಬಂದರೆ ಈಗಲೇ ಹಾಕಿ ಕೇಳಬೇಡ. ಅಂದು ಬಸ್ಸಿನಲ್ಲಿ ಬರುವಾಗ ಅವ್ವನ ಹಾಡನ್ನು ಗುನುಗಲು ಹೋದೆ, ಕಿವಿಗೆ ಕೊಳಲಿನ ದನಿ ಬಂತು. ಮನೆಗೆ ಬಂದು ಬೀಸುವ ಕಲ್ಲಿನ ಮುಂದೆ ಕೂತು ನೋಡಿದೆ, ಮತ್ತೂ ಕೊಳಲೇ. ಅವಳ ಬೈಗುಳ, ಅವಳು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದ ರೀತಿ, ಎಲ್ಲ ನೆನಪಿದೆ. ದನಿ ಮಾತ್ರ ಹೋಗಿಬಿಟ್ಟಿದೆ. ನಿನಗೂ ಹಾಗಾಗಬಾರದು. ಮೊನ್ನೆ ನಿಮ್ಮ ಮನೆಗೆ ಫೋನ್ ಬಂದು, ನೀನು ಎತ್ತಿದಾಗ ಯಾರೂ ಮಾತಾಡಲಿಲ್ಲವಲ್ಲ, ಅದು ನಾನೇ, ಕೇಳಲು ನಾಚಿ ಇಟ್ಟುಬಿಟ್ಟೆ. ಅಣ್ಣನಿಗೆ ಕೊಡುವ ಉತ್ತರ ಆಮೇಲಾಗಲಿ. ಈ ಕಾಗದ ಕೈಗೆ ಬಂದ ಕೂಡಲೇ ನನಗೆ ಫೋನ್ ಮಾಡು. ಯೋಗಕ್ಷೇಮ ಏನೂ ಕೇಳಬೇಡ. ಸುಮ್ಮನೆ ಹಾಡು.