ಬ್ಲಾಕಿನಿಂದ ತಲೆ ಎತ್ತಿದ ಪಿಸ್ಟನ್

ಟೊಂಗ್ಯೊಂಗ್ ಬಂದರು
ಮಾರ್ಚ್ 9, 1994

ಸೆರಿನ್‌ಳ ಅಪ್ಪನಿಗೆ,

ಕಾಗದ ಕಂಡು ಹುಬ್ಬೇರಿಸಬೇಡಿ. ಬೇರೆಯಾಗಿ ಇಷ್ಟು ವರ್ಷವಾದ ಮೇಲೆ ಕುಶಲ ಕೇಳಲು ಬರೆಯುತ್ತಿಲ್ಲ. ಅರ್ಧ ಜಗಳಕ್ಕೇ ಬರೆಯುತ್ತಿರುವುದು.

ನಮ್ಮ ದೋಣಿಯ ಎಂಜಿನ್ನಿನಲ್ಲಿ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ಶಾಫ್ಟ್ ಸೀಳಿತೆಂದು ಮಗಳು ಹೇಳಿದ್ದೇ ತಡ, ಯೊಸುವಿನ ನಿಮ್ಮ ಗ್ಯಾರೇಜಿನಿಂದ ಇನ್ನೊಂದನ್ನು ಕಳಿಸಿದಿರಿ. ಕೇಳದೆ ಬಂದ ಉಪಕಾರ. ಅಂದೇ ನನಗೆ ಅನುಮಾನ. 'ಹೊಂದದ್ದನ್ನು ಕಳಿಸಿ ದೋಣಿ ಕೆಟ್ಟು ಕೂತರೆ ಇವಳು ಸೋತು ನನ್ನ ಬಾಗಿಲಿಗೆ ಬರುತ್ತಾಳೆ' ಎಂಬ ಲೆಕ್ಕವೇ ನಿಮ್ಮದು?

ರಿಪೇರಿಗೆ ಬಂದ ದೋ ಎಂಬ ಮೇಸ್ತ್ರಿ, "ಅದೇ ಕಂಪನಿ, ಅದೇ ಎಂಜಿನ್ನು, ಕಣ್ಮುಚ್ಚಿ ಕೂರಿಸ್ಬೋದು ಕಣಮ್ಮ" ಎಂದ. ಬೇರಿಂಗ್‌ಗಳಲ್ಲಿ ಸಲೀಸಾಗಿ ಕೂತಿತು, ನಿಜ. ಹಳೆಯ ಪಿಸ್ಟನ್‌ಗಳನ್ನೇ ಜೋಡಿಸಿದ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಕೂರಿಸುವ ಮೊದಲು ನಾನೇ ಸರಳು ಹಾಕಿ ಕ್ರ್ಯಾಂಕ್ ತಿರುಗಿಸಿ ನೋಡಿದೆ. ಪಿಸ್ಟನ್ ತಾನು ಓಡಾಡುವ ಬ್ಲಾಕಿನ ಅಂಚಿಗೆ ನಿಲ್ಲದೆ ಬೆಂಕಿಕಡ್ಡಿಯ ದಪ್ಪದಷ್ಟು ಮೇಲೆದ್ದಿತು! ನೀವು ಕಳಿಸಿದ್ದು ಉದ್ದ ಸ್ಟ್ರೋಕಿನದು, ಪಿಸ್ಟನ್ನನ್ನು ಇನ್ನೂ ಎತ್ತರಕ್ಕೆ ತಳ್ಳುವಂಥದ್ದು. ಹಾಗೇ ಚಾಲೂ ಮಾಡಿದ್ದರೆ ಹೆಡ್ಡಿಗೆ ಬಡಿದು ಎಂಜಿನ್ನೇ ಒಡೆಯುತ್ತಿತ್ತು. ಬಲೆ ಎಳೆಯಲು ಈಗ ಸೆರಿನ್ ಕೂಡ ನನ್ನ ಜೊತೆ ಕಡಲಿಗೆ ಬರುತ್ತಾಳೆ, ಅದಾದರೂ ನೆನಪಿತ್ತೇ ಎಂದು ನಿಮ್ಮನ್ನು ಶಪಿಸಿದೆ.

ಮೇಸ್ತ್ರಿ ನಕ್ಕ. "ಹೆಡ್ಡಿನ ಅಡಿಗೆ ದಪ್ಪ ಗ್ಯಾಸ್ಕೆಟ್ ಹಾಳೆ ಹಾಕಿದ್ರೆ ಮುಗೀತು, ಇಷ್ಟಕ್ಕೆಲ್ಲ ಗಾಬರಿ ಬೀಳ್ತಾರಾ?" ಆ ನಗು ನನಗೆ ಹಿಡಿಸಲಿಲ್ಲ.

ನಿಮ್ಮ ಉಪಕಾರ ನಿಮಗೇ ಇರಲಿ ಎಂದು ವಾಪಸು ಕಳಿಸಲು ಲಾರಿ ಆಫೀಸಿಗೆ ಹೋದೆ. ಅಲ್ಲಿನ ಹೆಂಗಸು, "ಯಾವ್ ಪೆಟ್ಟಿಗೆ ಅಕ್ಕಾ, ದೊಡ್ದಾ, ಚಿಕ್ದಾ? ಯೊಸುವಿಂದ ಬಂದ ಎರಡನ್ನೂ ನಿಮ್ಮ ಮೇಸ್ತ್ರೀನೇ ತಗೊಂಡು ಹೋದ್ರಲ್ಲ" ಎಂದಳು.

ನಾನು ಕಂಡದ್ದು ದೊಡ್ಡದೊಂದೇ. ಚಿಕ್ಕದು ಅವನ ಶೆಡ್ಡಿನಲ್ಲಿ ಹರಿದ ಬಲೆಗಳ ಕೆಳಗಿತ್ತು. ಒಳಗೆ ಗಿಡ್ಡ ಪಿಸ್ಟನ್‌ಗಳು, ಆ ಕ್ರ್ಯಾಂಕಿಗೇ ಹೊಂದುವಂಥವು.

"ಅಯ್ಯೋ, ಮರ್ತೇ ಹೋಗಿತ್ತು" ಎಂದ.

ಸೆರಿನ್ ಬಿಡಲಿಲ್ಲ. "ನಿಮ್ಮ ಭಾಮೈದ ನಮ್ಮ ದೋಣಿ ಕೊಳ್ಳೋಕೆ ಕೇಳ್ಕೊಂಡು ಬಂದಿದ್ದೂ ಮರ್ತೋಯ್ತಾ ಮೇಸ್ತ್ರಿ? ಎಂಜಿನ್ ಒಡೆದಿದ್ರೆ ಸಸ್ತಾಕ್ಕೆ ಸಿಗ್ತಿತ್ತು, ಅಲ್ವಾ?" ಅವನು ಹರಿದ ಬಲೆಗಳನ್ನು ಮಡಚತೊಡಗಿದ. ಅಮ್ಮ ಮಗಳು ಪೆಟ್ಟಿಗೆ ಹೊತ್ತುಕೊಂಡು ಬಂದೆವು.

ನಿಮ್ಮ ಮೇಲೆ ಹೊರಿಸಿದ್ದನ್ನು ಇಳಿಸಿದ್ದೇನೆ, ಪೂರ್ತಿ ಅಲ್ಲ. ಹಳೆಯ ಪಿಸ್ಟನ್ ಹಾಕಬೇಡ ಎಂದು ಒಂದು ಫೋನ್ ಮಾಡಬಾರದಿತ್ತೇ? ಬಾಯಿ ಬಿಡಬೇಕಾದ ಕಡೆ ಬಿಗಿಹಿಡಿಯುವ ಈ ಚಾಳಿಯಿಂದಲೇ ಅಲ್ಲವೇ ಒಂದು ಮನೆ ಎರಡಾದದ್ದು.

ಇತಿ,
ಮಾಲ್‌ಸುನ್

ತಾ.ಕ.: ಬೇರೆ ಮೇಸ್ತ್ರಿಯನ್ನು ಕರೆಯಲಾರೆ, ಈಗ ಯಾರನ್ನೂ ನಂಬೆ. ನೀವೇ ಬಂದು ಜೋಡಿಸಿ. ಜೋಡಿಸಿದವರು ದೋಣಿ ಮೊದಲ ಸಲ ಕಡಲಿಗಿಳಿಯುವಾಗ ಅದರಲ್ಲೇ ಇರಬೇಕು. ಇದು ಸೆರಿನ್‌ಳ ಷರತ್ತು ಎಂದು ಬರೆಯಲು ಹೊರಟಿದ್ದೆ. ಅವಳು ಹಾಗೇನೂ ಹೇಳಿಲ್ಲ.