ಬೇಲಿಯ ಬಳ್ಳಿ, ಬೀರುವಿನ ಬಳ್ಳಿ

ಗ್ಲಾಸ್ಟರ್‌ಶೈರ್, ಜೂನ್ ೧೯೦೫

ಪ್ರೀತಿಯ ಅಕ್ಕಾ,

ನನ್ನನ್ನು ಈ ಮರಗೆಲಸದ ಕಾರ್ಖಾನೆಯಲ್ಲೇ ಇಟ್ಟುಕೊಳ್ಳುವುದೋ ಲಂಡನ್ನಿಗೆ ವಾಪಸ್ ಕಳಿಸುವುದೋ ಎಂದು ಇವತ್ತು ತೀರ್ಮಾನವಾಗಬೇಕಿತ್ತು. ಪರೀಕ್ಷೆಗೆಂದು ಓಕ್ ಬೀರುವಿನ ಬಾಗಿಲಲ್ಲಿ ಸಣ್ಣಗೆ ತೋಡಿ, ಬಿಳಿ ಮರದ ಎಳೆ ಕೂರಿಸಿ, ಹನಿಸಕಲ್ ಹೂಬಳ್ಳಿ ಹಬ್ಬಿಸಿದ್ದೆ. ಹಾಲು ತಂದ ಟಬಿತಾ ಅಜ್ಜಿ ನೋಡಿ ನಕ್ಕುಬಿಟ್ಟಳು.

“ಅಯ್ಯೋ ಮಂಕೇ, ಪುಸ್ತಕ ನೋಡ್ಕೊಂಡು ಮಾಡಿದ್ಯಾ? ನಮ್ಮ ಬೇಲೀಲಿ ಹನಿಸಕಲ್ಲು ಬಲದಿಂದ ಎಡಕ್ಕೆ ಸುತ್ಕೊಂಡು ಹತ್ತುತ್ತೆ ಕಣೋ. ನೀನು ಉಲ್ಟಾ ಹತ್ತಿಸಿದ್ದೀಯ!”

ಯಜಮಾನ ಹಾಲೊವೇ ಬಗ್ಗಿ ನೋಡಿದರು.

“ಯಾವ ಬಳ್ಳಿ ಅಂತ ಅಜ್ಜಿಗೆ ಗೊತ್ತಾಯ್ತಲ್ಲ, ಕೈ ಪಳಗಿದೆ. ಇನ್ಮೇಲೆ ಬೇಲಿ ನೋಡಿ ಬರ್ಕೊ. ಇದನ್ನ ಕಿತ್ತು ಸರಿಮಾಡು, ಸೋಮವಾರದಿಂದ ನೀನು ನಮ್ಮವನು.”

ಲಂಡನ್ನಿನ ಹೊಗೆಗೆ ಹತ್ತಿದ್ದ ಕೆಮ್ಮು ನಿಂತಿದೆ. ನನ್ನ ಚಳಿಗಾಲದ ಕೋಟನ್ನೂ ಇಲ್ಲಿಗೇ ಕಳಿಸಿಬಿಡು.

ಅವಸರದಲ್ಲಿ,
ನಿನ್ನ ತಮ್ಮ ಸೈಲಸ್