ಐದನೆಯ ಯಾಕೆ

ಗುರುವಾರ, ಮಾರ್ಚ್ ೧೨
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕನಿಗೆ, ನಿನ್ನ ಮಗ್ಗದ ತಂಗಿ ಮಾಡುವ ನಮಸ್ಕಾರಗಳು.

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿ, ನೀರು ತುಂಬಿ, ಎರಡು ಬಕೆಟ್ ಬಟ್ಟೆ ಒಗೆದು ಹಾಕಿ, ದೇವರ ಮುಂದೆ ದೀಪ ಹಚ್ಚಿ ಕುಳಿತವಳು ಈಗಷ್ಟೇ ಎದ್ದೆ. ಇವರೊಬ್ಬರಿಗೆ ಊಟಕ್ಕೆ ಇಟ್ಟರೆ ಇವತ್ತಿನ ಅಡುಗೆ ಮುಗಿಯಿತು. ಕಿಟಕಿಯ ಹತ್ತಿರ ಹಿಟ್ಟಿನ ಡಬ್ಬದ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹಳ್ಳಿ ಶಾಲೆಯ ಏಳನೇ ಕ್ಲಾಸಿನ ಅಕ್ಷರ, ಅಲ್ಲಿಂದ ಮುಂದೆ ಒಂದಿಂಚೂ ಬೆಳೆದಿಲ್ಲ.

ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ‘ನಿಮ್ಮವರು ಹೇಗಿದ್ದಾರೆ, ಇನ್ನೂ ಗಾಡಿ ಓಡಿಸುತ್ತಾರಾ’ ಎಂದು ಕೇಳಿದ್ದೆಯಲ್ಲ, ಅದೊಂದು ಸಾಲು ನನ್ನನ್ನು ಕಟ್ಟಿಹಾಕಿತು. ‘ಚೆನ್ನಾಗಿದ್ದಾರೆ’ ಎಂದು ಬರೆದರೆ ಸುಳ್ಳು. ನಿಜ ಬರೆಯೋಣವೆಂದರೆ ಮನೆಯಲ್ಲೇ ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಈಗ ಹೇಳಬಹುದು. ಇವರ ಎಡಗಣ್ಣಿನ ಪೊರೆ ತೆಗೆದು ಇವತ್ತಿಗೆ ಮೂರು ವಾರ. ನಿನ್ನೆ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಇವರು ಕೆಳಗಿನಿಂದ ಎರಡನೇ ಸಾಲಿನವರೆಗೂ ಗಡಗಡ ಓದಿ, ‘ಕಡೇ ಸಾಲು ಓದೋಕೆ ನನಗೇನು ಹದ್ದಿನ ಕಣ್ಣಾ ಡಾಕ್ಟ್ರೇ’ ಎಂದು ಕೇಳಿದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಅದನ್ನು ಕೇಳಿಸಿಕೊಂಡು, ಯಾರಿಗೂ ಕಾಣದಂತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಎಷ್ಟೋ ತಿಂಗಳ ಮೇಲೆ ಪೂರ್ತಿ ಉಸಿರು ಎಳೆದುಕೊಂಡ ಹಾಗಾಯಿತು.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಮ್ಮ ಗಾಡಿಯನ್ನು ನೀನು ನೋಡಿಲ್ಲ. ಟೊಯೋಟಾ ವ್ಯಾನು, ಇಪ್ಪತ್ತೆರಡು ವರ್ಷದ್ದು, ಇವರು ಅದರ ಮೂರನೇ ಮಾಲೀಕರು. ಹನ್ನೆರಡು ವರ್ಷದಿಂದ ಬಿಸ್ಕತ್ತು ಕಾರ್ಖಾನೆಯ ಹನ್ನೊಂದು ಜನ ಹೆಂಗಸರನ್ನು ಬೆಳಿಗ್ಗೆ ಹತ್ತಿಸಿಕೊಂಡು ಹೋಗಿ, ಸಂಜೆ ಅವರವರ ಮನೆ ಬಾಗಿಲಿಗೆ ಇಳಿಸುತ್ತಾರೆ. ಆ ಹೆಂಗಸರು ಗಾಡಿಗೆ ಅಜ್ಜಿ ಎಂದು ಹೆಸರಿಟ್ಟಿದ್ದಾರೆ. ‘ಅಜ್ಜಿ ಬಂದ್ಳು, ಬೇಗ ಓಡ್ರೇ’ ಎಂದು ಬೀದಿಯ ತುದಿಯಿಂದ ಕೂಗುತ್ತಾರೆ. ಎಂಥ ಚಳಿಯಲ್ಲೂ ಕೀಲಿ ಒಂದು ಸಲ ತಿರುಗಿಸಿದರೆ ಸಾಕು, ಎದ್ದು ಕೂರುತ್ತದೆ. ದಾರಿಯಲ್ಲಿ ಕೈಕೊಟ್ಟಿದ್ದು ನಾನು ಕಂಡಿಲ್ಲ. ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡದವರು, ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ.

ಗಾಡಿ ಮಾರಿದವರು ಹಿಂದೆ ಕಾರು ಮಾರುವ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರಂತೆ. ಗಾಡಿಯ ಜೊತೆಗೆ ಅದರ ವಂಶಾವಳಿಯನ್ನೂ ಇವರ ಕಿವಿಗೆ ತುಂಬಿ ಕಳಿಸಿದರು. ಅಂದಿನಿಂದ ಮುಂದಿನ ಸೀಟಿನಲ್ಲಿ ಕುಳಿತವರಿಗೆ ಬಿಡುಗಡೆಯಿಲ್ಲ. ನನಗೂ ಎಷ್ಟು ಸಲ ಹೇಳಿದ್ದಾರೋ. ಆದರೆ ಅಕ್ಕ, ಆ ಕಥೆ ನನಗೆ ನಿಜವಾಗಿಯೂ ಇಷ್ಟ, ಯಾಕೆಂದರೆ ಅದು ಶುರುವಾಗುವುದೇ ಮಗ್ಗದಿಂದ. ಜಪಾನಿನ ಒಂದು ಹಳ್ಳಿಯಲ್ಲಿ ಒಬ್ಬ ಬಡಗಿಯ ಮಗ ಇದ್ದನಂತೆ. ತಾಯಿ ಕೈಮಗ್ಗದಲ್ಲಿ ನೇಯ್ದು ನೇಯ್ದು ಸೋಲುವುದನ್ನು ನೋಡಿ ಮಗ್ಗವನ್ನೇ ಸುಧಾರಿಸಲು ಹೊರಟ. ಕೊನೆಗೆ ಒಂದು ಎಳೆ ಕಡಿದರೂ ತನ್ನಷ್ಟಕ್ಕೆ ತಾನೇ ನಿಂತುಬಿಡುವ ಮಗ್ಗ ಮಾಡಿದ. ಇಂಗ್ಲೆಂಡಿನವರು ಅದರ ಹಕ್ಕನ್ನು ಕೊಂಡುಕೊಂಡರು. ಅವನ ಮಗ ಅಮೆರಿಕದ ಒಂದು ಕಾರನ್ನು ತಂದು, ತಿರುಪುತಿರುಪಾಗಿ ಬಿಚ್ಚಿ ನೋಡಿ, ಮಗ್ಗದ ಕಾರ್ಖಾನೆಯ ಮೂಲೆಯಲ್ಲಿ ಕಾರು ಮಾಡಲು ಕುಳಿತ. ಮನೆತನದ ಹೆಸರು ಟೊಯೋಡಾ. ಅದನ್ನು ಟೊಯೋಟಾ ಮಾಡಿಕೊಂಡರು, ಯಾಕೆಂದರೆ ಅವರ ಲಿಪಿಯಲ್ಲಿ ಹಾಗೆ ಬರೆದರೆ ಎಂಟು ಗೆರೆ ಬರುತ್ತದಂತೆ, ಎಂಟು ಅವರಿಗೆ ಶುಭ. ಅಷ್ಟು ದೊಡ್ಡ ಯಂತ್ರ ಮಾಡುವವರೂ ಒಳ್ಳೆಯ ಅಂಕಿ ನೋಡುತ್ತಾರಲ್ಲ ಎಂದು ಕೇಳಿದಾಗಲೆಲ್ಲ ನನಗೆ ಸಮಾಧಾನ.

ಮಿಲ್ಲಿನಲ್ಲಿ ಒಂದೇ ಮಗ್ಗವನ್ನು ಬೆಳಗಿನ ಪಾಳಿಯಲ್ಲಿ ನಾನು, ಮಧ್ಯಾಹ್ನದ ಪಾಳಿಯಲ್ಲಿ ನೀನು, ಆರು ವರ್ಷ ನಡೆಸಿದವರಲ್ಲವಾ ನಾವು. ಎಳೆ ಕಡಿದದ್ದು ಕಾಣದೆ ಗಜಗಟ್ಟಲೆ ಬಟ್ಟೆ ಕೆಟ್ಟು, ಮೇಸ್ತ್ರಿಯ ಬಾಯಿಗೆ ಸಿಕ್ಕವರು. ತಾನೇ ನಿಲ್ಲುವ ಮಗ್ಗ ಅಂದರೆ ಅದರ ಬೆಲೆ ನಮಗೆ ಗೊತ್ತು.

ಆ ಕಂಪನಿಯವರದು ಇನ್ನೆರಡು ಪದ್ಧತಿ ಇವೆಯಂತೆ. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ತಪ್ಪು ಕಂಡವರು ಎಷ್ಟೇ ಸಣ್ಣ ಕೆಲಸದವರಾಗಲಿ ಅದನ್ನು ಎಳೆಯಬಹುದು. ಮೇಲಿನವರು ಓಡಿ ಬರುತ್ತಾರೆ, ಬೈಯಲು ಬರುವುದಿಲ್ಲ, ಸರಿಮಾಡಲು ಬರುತ್ತಾರೆ. ಇನ್ನೊಂದು, ಏನಾದರೂ ಕೆಟ್ಟರೆ ಐದು ಸಲ ‘ಯಾಕೆ’ ಎಂದು ಕೇಳುವುದು. ಮೊದಲ ಉತ್ತರಕ್ಕೇ ತೃಪ್ತಿಪಟ್ಟರೆ ರೋಗ ಒಳಗೇ ಉಳಿಯುತ್ತದಂತೆ. ನಮ್ಮ ಬೀದಿಯ ತುದಿಯ ಮೆಕ್ಯಾನಿಕ್ ಇವರಿಂದ ಇದನ್ನು ಕೇಳಿ ತಾನೂ ಹಿಡಿದುಕೊಂಡ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ಐದು ಯಾಕೆ ಆಗಲೇಬೇಕು. ಈಗ ಊರಿಗೆಲ್ಲ ಅವನು ಯಾಕಪ್ಪ. ‘ಅಣ್ಣಾ, ನಿಮ್ಮಂಥ ಗಾಡಿ ನಾಲ್ಕು ಜನ ಇಟ್ಕೊಂಡ್ರೆ ನಾನು ಅಂಗಡಿ ಮುಚ್ಚಬೇಕು’ ಎಂದು ಇವರನ್ನು ರೇಗಿಸುತ್ತಿದ್ದ.

ಹೋದ ಆಗಸ್ಟಿನಲ್ಲಿ ಒಂದು ದಿನ ಇವರು ಕುಡಿದ ಲೋಟವನ್ನು ಎಡಗಡೆಯ ಕಟ್ಟೆಯ ಮೇಲೆ ಇಡಲು ಹೋಗಿ ಗಾಳಿಯಲ್ಲಿ ಇಟ್ಟರು. ಲೋಟ ನೆಲಕ್ಕೆ ಬಿತ್ತು. ಮರುವಾರ ಎಡಭುಜ ಬಾಗಿಲಿಗೆ ಬಡಿಯಿತು. ಕೇಳಿದೆ. ‘ಎಡಗಣ್ಣು ಸ್ವಲ್ಪ ಮಂಜು, ಅಷ್ಟೇ. ಯಾರ ಹತ್ರಾನೂ ಉಸಿರು ಬಿಡಬೇಡ. ಕಣ್ಣು ಕಾಣದ ಡ್ರೈವರ್ ಅಂದ್ರೆ ನಾಳೆಯಿಂದ ಒಬ್ಬಳೂ ಹತ್ತಲ್ಲ’ ಅಂದರು. ನಾನು ಉಸಿರು ಬಿಡಲಿಲ್ಲ. ಗುರುವಾರ ಗುರುವಾರ ಉಪವಾಸ ಹಿಡಿದೆ. ದೇವರ ಹತ್ತಿರ ಎಲ್ಲ ಹೇಳಿದೆ. ಹೇಳಬೇಕಾಗಿದ್ದವರಿಗೆ ಮಾತ್ರ ಹೇಳಲಿಲ್ಲ. ಬೆಳಿಗ್ಗೆ ಆ ಹೆಂಗಸರು ಕಿಟಕಿಯಿಂದ ಕೈ ಬೀಸಿದರೆ ನಾನೂ ಕೈ ಬೀಸುತ್ತಿದ್ದೆ. ಗಾಡಿ ತಿರುವು ದಾಟಿದ ಮೇಲೆ ಸಂಜೆಯವರೆಗೂ ಬೀದಿಯ ಕಡೆಗೇ ಕಿವಿ ಇಟ್ಟಿರುತ್ತಿದ್ದೆ.

ಅಷ್ಟರಲ್ಲಿ ಗಾಡಿಯ ಎಡಗಡೆ ಒಂದೊಂದೇ ಗೀರು. ಇವರು ಮೊದಲನೆಯ ಸಲ ಗಾಡಿಯ ಮೇಲೆ ತಪ್ಪು ಹೊರಿಸಲು ಕಲಿತರು. ಎಡಕ್ಕೆ ಎಳೆಯುತ್ತದೆ ಎಂದರು, ಯಾಕಪ್ಪ ಚಕ್ರ ಸರಿಮಾಡಿದ. ದೀಪ ಮಂಕು ಎಂದರು, ಹೊಸ ಬಲ್ಬು ಹಾಕಿದ.

ಜನವರಿಯ ಕೊನೆಯಲ್ಲಿ ಒಂದು ಸಂಜೆ, ಪಕ್ಕದ ಮನೆಯಾಕೆ ಬಂದು ‘ನಿಮ್ಮವರ ಗಾಡಿ ಏನೋ ಆಗಿದೆ, ಗ್ಯಾರೇಜಿನ ಹತ್ರ ಜನ ನಿಂತಿದ್ದಾರೆ’ ಅಂದಳು. ಕೈಯಲ್ಲಿದ್ದ ಚೊಂಬನ್ನು ಎಲ್ಲಿಟ್ಟೆನೋ, ಓಡಿದೆ. ನಿಂತಿದ್ದ ಲಾರಿಗೆ ತಗುಲಿ ಎಡಗಡೆಯ ಕನ್ನಡಿ ಕಿತ್ತುಹೋಗಿತ್ತು, ಕಿಟಕಿಯ ಗಾಜು ಒಡೆದಿತ್ತು. ದೇವರು ದೊಡ್ಡವನು, ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಆ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದವಳು ಏಳು ತಿಂಗಳ ಬಸುರಿ. ಟೈರುಗಳ ಮೇಲೆ ಕುಳಿತು ನೀರು ಕುಡಿಯುತ್ತಿದ್ದಳು.

ಯಾಕಪ್ಪ ಕೈಕಟ್ಟಿ ನಿಂತು ಶುರುಮಾಡಿದ್ದ.

‘ಕನ್ನಡಿ ಯಾಕೆ ಹೋಯ್ತು ಅಣ್ಣಾ?’

‘ಲಾರಿಗೆ ತಗುಲ್ತು.’

‘ನಿಂತಿರೋ ಲಾರಿಗೆ ಯಾಕೆ ತಗುಲ್ತು?’

‘ಎಡಕ್ಕೆ ಎಳೆಯುತ್ತೆ ಅಂತ ಅವತ್ತೇ ಹೇಳಿದ್ನಲ್ಲ.’

‘ನಾನೇ ಓಡಿಸಿ ನೋಡಿದೀನಿ, ಕೈ ಬಿಟ್ರೂ ನೆಟ್ಟಗೆ ಹೋಗುತ್ತೆ. ನಿಮಗೊಬ್ಬರಿಗೆ ಯಾಕೆ ಎಳೆಯುತ್ತೆ?’

‘ಸಂಜೆ ಮಬ್ಬು ಕಣಯ್ಯಾ. ದೀಪ ಸಾಲಲ್ಲ.’

‘ಹೊಸ ಬಲ್ಬು. ಬಲಗಡೆಗೆ ಸಾಲುತ್ತೆ, ಎಡಗಡೆಗೆ ಯಾಕೆ ಸಾಲಲ್ಲ?’

ಇವರು ಕನ್ನಡಿ ಕಿತ್ತುಹೋದ ಜಾಗವನ್ನು ಸವರಿದರು. ಆಗ ಆ ಹೆಂಗಸರಲ್ಲಿ ಒಬ್ಬಳು, ಪಾಪ, ಇವರನ್ನು ಬಿಡಿಸಲೆಂದೇ, ‘ಹೋಗ್ಲಿ ಬಿಡಿ ಡ್ರೈವರಣ್ಣ, ಅಜ್ಜಿಗೆ ವಯಸ್ಸಾಯ್ತು’ ಅಂದಳು.

‘ಹೂಂ, ವಯಸ್ಸಾಯ್ತು. ಇನ್ನು ಇದು ಗುಜರಿಗೇ’ ಅಂದರು ಇವರು.

ಆ ಗಾಡಿಯ ಮೇಲೆ ಒಬ್ಬರು ಒಂದು ಮಾತು ಆಡಿದರೆ ಊಟ ಬಿಡುತ್ತಿದ್ದವರು. ಯಾಕಪ್ಪನ ಕೈ ಸಡಿಲವಾಯಿತು. ಅವನು ಮೆಲ್ಲಗೆ ಕೇಳಿದ, ‘ಅಣ್ಣಾ, ಈ ಮಾತು ನಿಮ್ಮ ಬಾಯಲ್ಲಿ ಯಾಕೆ ಬಂತು?’

ಅದು ಐದನೆಯದು. ಉತ್ತರ ನನ್ನ ಬಾಯಿಂದ ಬಂತು.

‘ಗಾಡಿದೇನೂ ತಪ್ಪಿಲ್ಲಪ್ಪ. ಇವರಿಗೆ ಎಡಗಣ್ಣು ಕಾಣ್ತಿಲ್ಲ. ಐದು ತಿಂಗಳಾಯ್ತು. ನನಗೆ ಗೊತ್ತಿತ್ತು.’

ಆ ಹೆಂಗಸರಲ್ಲಿ ಹಿರಿಯಳು, ಬಿಸ್ಕತ್ತು ಕಟ್ಟುವ ವಿಭಾಗದವಳು, ನನ್ನ ಎದುರು ಬಂದು ನಿಂತಳು. ‘ಗೊತ್ತಿದ್ದೂ ದಿನಾ ಬೆಳಿಗ್ಗೆ ಕೈ ಬೀಸಿ ಕಳಿಸ್ತಿದ್ರಾ ನಮ್ಮನ್ನ?’ ‘ಹೌದಮ್ಮ’ ಅಂದೆ. ಆ ಬಸುರಿಯ ಪಕ್ಕದಲ್ಲಿ ಹೋಗಿ ಕುಳಿತೆ. ಅವಳು ನನ್ನನ್ನು ದೂಡಲಿಲ್ಲ, ಅದೇ ದೊಡ್ಡದು.

ಮೂರು ದಿನ ಇವರು ನನ್ನೊಡನೆ ಮಾತಾಡಲಿಲ್ಲ. ಗೋಡೆಗೆ ಹೇಳುತ್ತಿದ್ದರು, ‘ಊಟ ಹಾಕೋರು ಹಾಕಬಹುದು.’ ನಾನೂ ಗೋಡೆಗೇ ‘ಹಾಕಿಯಾಗಿದೆ’ ಅನ್ನುತ್ತಿದ್ದೆ. ನಾಲ್ಕನೇ ದಿನ ಯಾಕಪ್ಪ ಬಂದ. ಹೊಸ ಕನ್ನಡಿಯನ್ನು ಇವರ ತೊಡೆಯ ಮೇಲಿಟ್ಟು, ‘ಹನ್ನೆರಡು ವರ್ಷದಿಂದ ನಮಗೆಲ್ಲ ಹಗ್ಗದ ಕಥೆ ಹೇಳಿ ತಲೆ ತಿಂದವರು ಯಾರಣ್ಣಾ? ಅತ್ತಿಗೆ ಎಳೆದ್ರು. ನೀವು ಓಡಿ ಬಂದು ಸರಿಮಾಡೋದು ಬಿಟ್ಟು ಮೂತಿ ಊದಿಸ್ಕೊಂಡು ಕೂತಿದೀರಲ್ಲ’ ಅಂದ. ಇವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ‘ಹೆದರಿಕೆ ಆಗಿತ್ತು ಕಣೇ’ ಎಂದು ಗೋಡೆಯನ್ನು ಬಿಟ್ಟು ನನಗೇ ಹೇಳಿದರು. ಮರುದಿನವೇ ಆಸ್ಪತ್ರೆಗೆ ಹೋದೆವು. ಬರೀ ಪೊರೆ, ತೆಗೆದರೆ ಸರಿಹೋಗುತ್ತದೆ ಅಂದರು ಡಾಕ್ಟರು. ಅಷ್ಟಕ್ಕೆ ಐದು ತಿಂಗಳು ಹನ್ನೊಂದು ಜೀವಗಳನ್ನು ಪಣಕ್ಕಿಟ್ಟಿದ್ದೆವಲ್ಲ ಅಕ್ಕ.

ಈಗ ಬೆಳಿಗ್ಗೆ ಸಂಜೆ ಯಾಕಪ್ಪನೇ ಗಾಡಿ ಓಡಿಸುತ್ತಾನೆ. ಡಾಕ್ಟರು ಸರಿ ಎನ್ನುವವರೆಗೆ ಇವರು ಮುಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತು ಕಥೆ ಹೇಳುತ್ತಾರೆ. ‘ಅಜ್ಜಿಗೆ ಬ್ರೇಕ್ ಚೆನ್ನಾಗಿದೆ, ಅಣ್ಣನ ಬಾಯಿಗೆ ಇಲ್ಲ’ ಎಂದು ಅವನು ಗೋಳಾಡುತ್ತಾನೆ. ಹನ್ನೊಂದು ಜನರಲ್ಲಿ ಒಬ್ಬಳೂ ಬಿಟ್ಟು ಹೋಗಲಿಲ್ಲ. ಹಿರಿಯಳು ಮಾತ್ರ ನನಗೆ ಇನ್ನೂ ಕೈ ಬೀಸುವುದಿಲ್ಲ. ಬೀಸುವವರೆಗೆ ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಇವತ್ತಿನ ಉಪವಾಸ ಬೇಡಿಕೊಳ್ಳಲಿಕ್ಕಲ್ಲ. ದೇವರಿಗೆ ಒಳ್ಳೆಯದಾಯಿತೆಂದು ಹೇಳಲಿಕ್ಕೆ.

ನಿನ್ನ ಸೊಸೆಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಮಂಡಿನೋವು ಕಡಿಮೆಯಾಗಲಿ, ದೇವರು ನಿನ್ನ ಮನೆಯನ್ನು ತಣ್ಣಗೆ ಇಟ್ಟಿರಲಿ.

ಇಂತಿ,
ನಿನ್ನ ಮಗ್ಗದ ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ.

ಅಕ್ಕ, ನಿನ್ನ ಬಲಗೈಯ ಎರಡು ಬೆರಳು ಹೋದದ್ದು ನಿನ್ನ ಗಮನ ತಪ್ಪಿ ಅಲ್ಲ. ನಮ್ಮ ಮಗ್ಗದ ಹಲ್ಲುಗಾಲಿಯ ಮೇಲಿನ ಮುಚ್ಚಳ ಸಡಿಲವಾಗಿತ್ತು. ಆ ಬೆಳಗಿನ ಪಾಳಿಯಲ್ಲಿ ಎರಡು ಸಲ ಜಾರಿ ಬಿತ್ತು, ಎರಡು ಸಲವೂ ಬಟ್ಟೆಯ ಚೂರಿನಿಂದ ಬಿಗಿದು ಕಟ್ಟಿ ಕೆಲಸ ಮುಂದುವರಿಸಿದೆ. ಹೇಳಿದ್ದರೆ ಮಗ್ಗ ನಿಲ್ಲಿಸುತ್ತಿದ್ದರು, ಮೇಸ್ತ್ರಿ ಎಲ್ಲರ ಮುಂದೆ ಬೈಯುತ್ತಿದ್ದ. ಅಷ್ಟಕ್ಕೆ ಹೆದರಿದೆ. ಮಧ್ಯಾಹ್ನ ನೀನು ಬಂದು, ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾ, ‘ಎಲ್ಲ ಸರಿ ಇದೆಯಾ?’ ಎಂದು ಕೇಳಿದೆ. ನಾನು ‘ಹೂಂ’ ಅಂದೆ. ನಾನು ಬೀದಿಗೆ ಇಳಿಯುವ ಮೊದಲೇ ನಿನ್ನ ಕೂಗು ಕೇಳಿಸಿತು.

ಇಪ್ಪತ್ತೆಂಟು ವರ್ಷ ‘ನನ್ನದೇ ತಪ್ಪು’ ಎಂದು ನೀನು ಎಡಗೈಯಲ್ಲಿ ಬರೆದದ್ದನ್ನು ಓದಿ, ಮಡಿಸಿ, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ನಿನ್ನೆ ಆಸ್ಪತ್ರೆಯಿಂದ ಬರುವಾಗ ಇದನ್ನು ಇವರಿಗೆ ಹೇಳಿದೆ. ನನ್ನ ಕೈಯಲ್ಲಿದ್ದ ಚೀಲವನ್ನು ತಾವು ತೆಗೆದುಕೊಂಡರು. ಆಮೇಲೆ, ‘ಬರೆದುಬಿಡು. ಉತ್ತರ ನಾನೇ ಹೋಗಿ ತರ್ತೀನಿ’ ಅಂದರು. ಮುಂದಿನ ಗುರುವಾರ ಮಧ್ಯಾಹ್ನ ಬಸ್ಸಿನಲ್ಲಿ ನಿನ್ನ ಮನೆಗೆ ಬರುತ್ತಾರೆ. ನೀನು ಏನು ಬರೆದರೂ ಸರಿ, ಇವರ ಕೈಯಲ್ಲಿ ಕೊಡು. ಬರೆಯಲು ಮನಸ್ಸಾಗದಿದ್ದರೆ ಬರಿಗೈಯಲ್ಲಿ ಕಳಿಸು, ಅದನ್ನೂ ಉತ್ತರವೆಂದೇ ತೆಗೆದುಕೊಳ್ಳುತ್ತೇನೆ. ಅಂಚೆಗೆ ಮಾತ್ರ ಹಾಕಬೇಡ ಅಕ್ಕ, ಅಷ್ಟು ದಿನ ಕಾಯಲು ನನ್ನಿಂದ ಆಗುವುದಿಲ್ಲ.